ಇಳಿಯಲೊಲ್ಲದ ಡ್ರಮ್ಮು

ತೂಕದವರ ತೂಕ ಮದುವೆಯಾದ ದಿನದಿಂದ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇರುವುದಕ್ಕೆ ಅವರು ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎಂದು ಯಾರಾದರೂ ಮಾತು ತೆಗೆದರೆ ಸಾಕು, ಆ ಮಾತು ಸುತ್ತಿ ಬಳಸಿ ಅರವತ್ತೆಂಟು ಕಿಲೋಗೆ ಬಂದು ನಿಲ್ಲುತ್ತಿತ್ತು.

"ಅರವತ್ತೆಂಟು. ಮದುವೆ ದಿನವೂ ಅಷ್ಟೇ, ಇವತ್ತೂ ಅಷ್ಟೇ. ಅವತ್ತಿನ ಕೋಟು ಈಗಲೂ ಸರಿಯಾಗತ್ತೆ."

ಸಾಕ್ಷಿಗಾಗಿ ಅವರು ಆ ಕೋಟನ್ನು ಎಲ್ಲರ ಮದುವೆಗೂ ಹಾಕಿಕೊಂಡು ಹೋಗುತ್ತಿದ್ದರು. ಸೆಕೆಗೆ ಮದುಮಗನೇ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದರೂ ತೂಕದವರ ಕೋಟಿನ ಗುಂಡಿ ಬಿಚ್ಚುತ್ತಿರಲಿಲ್ಲ.

ಅವರ ಕೆಲಸ ತೂಕ ಮತ್ತು ಅಳತೆ ಇಲಾಖೆಯಲ್ಲಿ; ತೂಕದವರು ಎಂಬ ಹೆಸರು ಬಂದದ್ದೂ ಅದರಿಂದಲೇ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸುವುದು, ಸರಿಯಿದ್ದರೆ ಮೊಹರು ಹಾಕುವುದು, ಇಲ್ಲದಿದ್ದರೆ ಮುಖ ಗಂಟು ಹಾಕುವುದು. ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಖಾಲಿ ಪಾತ್ರೆ ತೂಗಿದೀರಾ?" ಎಣ್ಣೆ ಅಳೆಯುವವರು ಡಬ್ಬದ ತೂಕ ಕಳೆಯಬೇಕು, ಅದೂ ನಿನ್ನೆ ತೂಗಿದ ಡಬ್ಬವಲ್ಲ, ಇವತ್ತಿನದು. "ಡಬ್ಬಕ್ಕೆ ಜಿಡ್ಡು ಹತ್ತಿರತ್ತೆ, ತಳ ಸವೆದಿರತ್ತೆ. ಪಾತ್ರೆ ಅಂದ ಮೇಲೆ ನಂಬಬಾರದು" ಎಂದು ಅವರು ಉಪದೇಶ ಮಾಡುತ್ತಿದ್ದರು. ಅವರು ಬೆನ್ನು ತಿರುಗಿಸಿದ ಮೇಲೆ ಅಂಗಡಿಯವರು ಇದನ್ನೇ ಅವರ ಧ್ವನಿಯಲ್ಲಿ ಹೇಳಿಕೊಂಡು ನಗುತ್ತಿದ್ದರು.

ಜಗತ್ತಿನ ಸಕಲ ಪಾತ್ರೆಗಳನ್ನೂ ಅನುಮಾನದಿಂದ ಕಂಡ ಈ ಮನುಷ್ಯ ಒಂದೇ ಒಂದು ಪಾತ್ರೆಯನ್ನು ನಂಬಿ ಕೆಟ್ಟದ್ದು ಹೇಗೆ ಎಂಬುದನ್ನು ಈಗ ಹೇಳಬೇಕಾಗಿದೆ.

ತೂಕದವರ ಮನೆಯಲ್ಲಿ ಅವರು, ಅವರ ಹೆಂಡತಿ ಮತ್ತು ಮೂರು ಬೆಕ್ಕು. ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡಿ ಮಾಡಿ ಪಿಸುಮಾತು ಬಿಟ್ಟರೆ ಬೇರೆ ಧ್ವನಿಯನ್ನೇ ಮರೆತಿದ್ದಳು. ಜಗಳವನ್ನೂ ಪಿಸುಗುಟ್ಟಿಯೇ ಮುಗಿಸುತ್ತಿದ್ದಳು. ಬೆಕ್ಕುಗಳಲ್ಲಿ ಹಿರಿಯದು ಮುದುಕ. ಹಲ್ಲು ಅರ್ಧ ಹೋಗಿದ್ದರೂ ದರ್ಪ ಪೂರ್ತಿ ಉಳಿದಿತ್ತು. ಕಿರಿಯದು ಕಡ್ಡಿ. ಎಷ್ಟು ತಿಂದರೂ ಬಾಲಕ್ಕೆ ಕಾಲು ಹಚ್ಚಿದ ಹಾಗೆ ಕಾಣುತ್ತಿತ್ತು. ನಡುವಿನದು ಡ್ರಮ್ಮು. ಡ್ರಮ್ಮು ಕುರ್ಚಿಯಿಂದ ಕೆಳಗೆ ಹಾರಿದರೆ ಮಹಡಿಯ ಮೇಲಿದ್ದವರು ಯಾರೋ ಬಾಗಿಲು ತಟ್ಟಿದರು ಎಂದು ಎದ್ದು ಬರುತ್ತಿದ್ದರು.

"ಬೆಕ್ಕುಗಳೆಲ್ಲ ನನ್ನ ಹೆಂಡತೀವು. ನನಗೂ ಅವಕ್ಕೂ ಸಂಬಂಧ ಇಲ್ಲ" ಎಂದು ತೂಕದವರು ಹೇಳಿಕೊಳ್ಳುತ್ತಿದ್ದರು. ಆದರೆ ಡ್ರಮ್ಮು ಮಲಗುತ್ತಿದ್ದದ್ದು ಅವರ ಪಾದಗಳ ಮೇಲೆ. ಅದರ ನಿದ್ದೆ ಕೆಟ್ಟೀತೆಂದು ವರ್ಷಗಟ್ಟಲೆ ಕಾಲು ಅಲ್ಲಾಡಿಸದೆ ಮಲಗಿದ ಮನುಷ್ಯ ಆತ. ಬೆಳಗ್ಗೆ ಎದ್ದರೆ ಜೋಮು ಹಿಡಿದ ಕಾಲನ್ನು ಗೋಡೆ ಹಿಡಿದುಕೊಂಡು ಎಳೆಯುತ್ತ ಹಲ್ಲುಜ್ಜಲು ಹೋಗುತ್ತಿದ್ದರು.

ಒಂದು ದಿನ ಡ್ರಮ್ಮು ಕುಂಟತೊಡಗಿತು. ಹೆಂಡತಿಯ ಅಕ್ಕ ಕಾರು ತಂದಳು. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಕೆ ಒಳಗೆ ಬಂದರೆ ಗೋಡೆಯ ಮೇಲಿನ ಕ್ಯಾಲೆಂಡರೂ ನೇರವಾಗಿ ನಿಲ್ಲುತ್ತದೆ ಎಂಬ ಮಾತಿತ್ತು. ಹೇಗೂ ಕಾರು ಬಂದಿದೆಯಲ್ಲ ಎಂದು ಮೂರು ಬೆಕ್ಕುಗಳನ್ನೂ ಬುಟ್ಟಿಗಳಲ್ಲಿ ತುಂಬಿಕೊಂಡು ಬೆಕ್ಕಿನ ಡಾಕ್ಟರ ಹತ್ತಿರ ಹೋದರು.

ಡಾಕ್ಟರಮ್ಮನ ಎರಡೂ ಕೈಗಳ ಮೇಲೆ ಅನುಭವದ ಗೆರೆಗಳು ಉದ್ದುದ್ದಕ್ಕೆ ಮೂಡಿದ್ದವು. ಆಕೆ ಮೂವರನ್ನೂ ಹಿಂದೆ ಮುಂದೆ ನೋಡಿ ತೀರ್ಪು ಹೇಳಿದಳು.

"ಮುದುಕನಿಗೆ ಕಿಡ್ನಿ ಸೋತಿದೆ. ಅವನಿಗೆ ಈ ಸಪ್ಪೆ ಊಟ. ಕಡ್ಡಿಗೆ ಹೊಟ್ಟೆ ಸೂಕ್ಷ್ಮ, ಅವನಿಗೆ ಪುಷ್ಟಿ ಬೇಕು, ಆದರೆ ಈ ಒಂದು ಬಗೆ ಮಾತ್ರ ದಕ್ಕತ್ತೆ. ಡ್ರಮ್ಮುಗೆ ಇದು, ಬರೀ ನಾರು. ಒಬ್ಬರದ್ದು ಇನ್ನೊಬ್ಬರು ಬಾಯಿಗೆ ಹಾಕೋ ಹಾಗಿಲ್ಲ. ಕಡ್ಡಿ ಊಟ ಮುದುಕ ತಿಂದರೆ ಕಿಡ್ನಿಗೆ ಕಷ್ಟ. ಮುದುಕನದ್ದು ಕಡ್ಡಿ ತಿಂದರೆ ಇನ್ನೂ ಸೊರಗ್ತಾನೆ. ಇಬ್ಬರದ್ದೂ ಡ್ರಮ್ಮು ತಿಂದರೆ..." ಎಂದು ಆಕೆ ಡ್ರಮ್ಮುವನ್ನು ನೋಡಿದಳು. "ತಿಂತಿದಾಳೆ ಅನ್ನೋದು ಕಾಣ್ತಾನೇ ಇದೆ."

ಡ್ರಮ್ಮು ಎಂಟು ಕಿಲೋ ಇತ್ತು. ಮಂಡಿ ಸೋಲುತ್ತಿದ್ದದ್ದು ಆ ಭಾರಕ್ಕೆ.

"ಆರು ವಾರ ನೋಡೋಣ" ಎಂದಳು ಡಾಕ್ಟರಮ್ಮ. "ಅರ್ಧ ಕಿಲೋ ಆದರೂ ಇಳೀಬೇಕು. ಇಳೀಲಿಲ್ಲ ಅಂದ್ರೆ ಇವಳನ್ನ ಬೇರೆ ಬೆಕ್ಕಿಲ್ಲದ ಮನೇಲಿ ಬಿಡೋದೇ ಒಳ್ಳೇದು. ಕದ್ದು ತಿನ್ನೋಕೆ ಬೇರೆ ಬಟ್ಟಲು ಇರಬಾರದು."

"ನಮ್ಮನೇಲಿ ಬೆಕ್ಕಿಲ್ಲ" ಎಂದಳು ಹೆಂಡತಿಯ ಅಕ್ಕ, ಹಾಜರಿ ಕೂಗುವ ಧ್ವನಿಯಲ್ಲಿ. "ಶಿಸ್ತೂ ಇದೆ. ಇವತ್ತೇ ಬೇಕಾದ್ರೆ ಕರ್ಕೊಂಡು ಹೋಗ್ತೀನಿ."

ತೂಕದವರ ಪಾದಗಳು ಚಪ್ಪಲಿಯೊಳಗೆ ಒಮ್ಮೆ ತಣ್ಣಗಾದವು. "ಬೇಡ ಅತ್ತಿಗೆ" ಎಂದರು. "ತೂಕದ ವಿಷಯ. ಅದನ್ನ ನನಗೆ ಬಿಡಿ."

ಮರುದಿನದಿಂದ ಆ ಮನೆಯಲ್ಲಿ ಊಟದ ಹೊತ್ತು ರೈಲು ನಿಲ್ದಾಣದ ಹಾಗಾಯಿತು. ಮುದುಕನಿಗೆ ಮಲಗುವ ಕೋಣೆಯಲ್ಲಿ, ಕಡ್ಡಿಗೆ ಫ್ರಿಜ್ಜಿನ ನೆತ್ತಿಯ ಮೇಲೆ, ಡ್ರಮ್ಮುಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿ. ಮಹಡಿಯ ಮೇಲಿದ್ದ ನಿವೃತ್ತ ರೈಲು ಗಾರ್ಡು ಈ ಏರ್ಪಾಟಿನ ಸುದ್ದಿ ಕೇಳಿ ತಮ್ಮ ಹಳೆಯ ಸೀಟಿಯನ್ನೇ ತಂದುಕೊಟ್ಟರು. ಒಂದು ಸೀಟಿಗೆ ಬಾಗಿಲು ಮುಚ್ಚಬೇಕು, ಎರಡು ಸೀಟಿಗೆ ತೆರೆಯಬೇಕು. ಮುದುಕ ತನ್ನ ಸಪ್ಪೆಯನ್ನು ಮೂಸಿ ಯಾರೋ ಮೋಸ ಮಾಡಿದ ಹಾಗೆ ಗೋಡೆ ನೋಡುತ್ತಿತ್ತು. ಕಡ್ಡಿ ಮೇಲಿಂದ ಮುಚ್ಚಿದ ಎರಡೂ ಬಾಗಿಲುಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿತ್ತು. ಡ್ರಮ್ಮು ರಟ್ಟಿನ ಚೂರಿನಂಥ ತನ್ನ ಊಟವನ್ನು ಕಣ್ಣುಮುಚ್ಚಿ ನುಂಗಿ, ಆಮೇಲೆ ಬಾಗಿಲ ಸಂದಿಯಿಂದ ಒಂದು ಪಂಜವನ್ನು ಹೊರಗೆ ಚಾಚಿ ಅತ್ತಿತ್ತ ಆಡಿಸುತ್ತಿತ್ತು. ಆ ಪಂಜವನ್ನು ಕಂಡರೆ ತೂಕದವರು ಮುಖ ತಿರುಗಿಸಿಕೊಂಡು ಆಚೆ ಹೋಗುತ್ತಿದ್ದರು.

ಮೊದಲ ದಿನವೇ ತೂಗಲು ಕೂತರು. ಮನೆಯ ತೂಕದ ಯಂತ್ರ ಸಾಮಾನ್ಯದ್ದಲ್ಲ; ಇಲಾಖೆಯ ತೂಕದ ಬಟ್ಟುಗಳನ್ನಿಟ್ಟು ಪರೀಕ್ಷಿಸಿ, ಅರಗಿನ ಮೊಹರು ಹಾಕಿ ಇಟ್ಟದ್ದು. ಡ್ರಮ್ಮುವನ್ನು ಅದರ ಮೇಲೆ ಕೂರಿಸಿದರೆ ಅದು ಒಂದು ಸುತ್ತು ಸುತ್ತಿ, ಮುಳ್ಳು ಎಲ್ಲಿ ನಿಂತಿತೆಂದು ತಾನೇ ಬಗ್ಗಿ ನೋಡಿ ಇಳಿದು ಹೋಯಿತು. ಮೂರು ಸಲ ಹಾಗೇ ಆಯಿತು. ಕೊನೆಗೆ ತೂಕದವರು ಮೊದಲು ತಾವೊಬ್ಬರೇ ಹತ್ತಿ ನಿಂತರು: ಅರವತ್ತೆಂಟು. ಆಮೇಲೆ ಡ್ರಮ್ಮುವನ್ನು ಎತ್ತಿಕೊಂಡು ಹತ್ತಿದರು: ಎಪ್ಪತ್ತಾರು.

"ನೋಡಿದ್ಯಾ? ಎಪ್ಪತ್ತಾರರಲ್ಲಿ ಅರವತ್ತೆಂಟು ಹೋದರೆ ಎಂಟು. ಡಾಕ್ಟರ ಯಂತ್ರವೂ ಎಂಟು, ನನ್ನ ಯಂತ್ರವೂ ಎಂಟು. ಇನ್ನು ಮೇಲೆ ಇವಳನ್ನ ಎತ್ತಿಕೊಂಡು ಒಂದೇ ಸಲ ಹತ್ತಿದರೆ ಸಾಕು."

"ನಿಮ್ಮನ್ನೂ ಪ್ರತಿ ಸಲ ತೂಗಬೇಕಲ್ವಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ನನ್ನನ್ನಾ?" ತೂಕದವರು ನಕ್ಕರು. "ಭೂಮಿ ಸುತ್ತುತ್ತಿದೆಯಾ ಇಲ್ವಾ ಅಂತ ದಿನಾ ಎದ್ದು ನೋಡ್ತೀವಾ?"

ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಈಗ ಒಂದು ಸಣ್ಣ ವಿಷಯ. ಮನೆಯಲ್ಲಿ ಡ್ರಮ್ಮು ಪಥ್ಯದಲ್ಲಿರುವಾಗ ಅದರ ಕಣ್ಣೆದುರು ಕೂತು ಹೊಟ್ಟೆ ತುಂಬ ತಿನ್ನಲು ತೂಕದವರಿಗೆ ಮನಸ್ಸು ಬರುತ್ತಿರಲಿಲ್ಲ. ತುತ್ತು ಎತ್ತಿದರೆ ಆ ಎರಡು ಹಳದಿ ಕಣ್ಣುಗಳು ತುತ್ತಿನ ಜೊತೆಗೇ ಮೇಲೆ ಬರುತ್ತಿದ್ದವು. ಹಾಗಾಗಿ ಅವರು ಮನೆಯ ಊಟವನ್ನು ಅರ್ಧಕ್ಕರ್ಧ ಇಳಿಸಿದರು. ಇಳಿಸಿದ್ದರಿಂದ ಸಂಜೆ ಕಚೇರಿ ಬಿಡುವ ಹೊತ್ತಿಗೆ ಹಸಿವಾಗುತ್ತಿತ್ತು. ಹಸಿವಾದ್ದರಿಂದ ಬೇಕರಿಯ ಮುಂದೆ ನಿಂತು ಒಂದು ಬನ್ನು ತಿನ್ನುತ್ತಿದ್ದರು. ನಿಂತುಕೊಂಡು ತಿಂದದ್ದನ್ನು ಊಟವೆಂದು ಎಣಿಸುವ ಪದ್ಧತಿ ಅವರಲ್ಲಿ ಇರಲಿಲ್ಲ.

ವಾರ ಕಳೆದು ಡ್ರಮ್ಮುವನ್ನು ಎತ್ತಿಕೊಂಡು ಯಂತ್ರ ಹತ್ತಿದಾಗ ಮುಳ್ಳು ಎಪ್ಪತ್ತಾರನ್ನು ದಾಟಿ ನಿಂತಿತು. ಡ್ರಮ್ಮು ಎಂಟು ಕಿಲೋ ನಾನೂರು ಗ್ರಾಂ.

ತೂಕದವರು ಬಗ್ಗಿ ಅರಗಿನ ಮೊಹರು ನೋಡಿದರು. ಮೊಹರು ಹಾಗೇ ಇತ್ತು. ಎದ್ದು ನಿಂತು, ಇಲಾಖೆಯ ಧ್ವನಿಯಲ್ಲಿ ಹೇಳಿದರು: "ಈ ಮನೇಲಿ ಎಲ್ಲೋ ಸೋರಿಕೆ ಇದೆ."

ಸೋರಿಕೆ ಹುಡುಕಲು ಮೊದಲು ಮನೆಯನ್ನೇ ಶೋಧಿಸಿದರು. ಡ್ರಮ್ಮು ಬಚ್ಚಲಲ್ಲಿದ್ದಾಗ ಬಾಗಿಲ ಸಂದಿಗೆ ಕಣ್ಣಿಟ್ಟು ನೆಲದ ಮೇಲೆ ಮಲಗಿದರು. ಪಂಜ ಬಂದು ಅವರ ಮೂಗನ್ನು ಸವರಿ ಹೋಯಿತೇ ವಿನಾ ಊಟ ಒಳಗೆ ಹೋಗಲಿಲ್ಲ. ಕಡ್ಡಿಯ ಬಟ್ಟಲಿನಲ್ಲಿ ಉಳಿದದ್ದನ್ನು ತೂಗಿದರು, ಮುದುಕನ ಬಟ್ಟಲನ್ನು ತೂಗಿದರು. ಪ್ರತಿ ಸಲವೂ ಖಾಲಿ ಬಟ್ಟಲನ್ನು ಮೊದಲು ತೂಗಿ ಕಳೆದರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಲೆಕ್ಕ ಗ್ರಾಮಿಗೆ ಗ್ರಾಂ ಸರಿಹೋಯಿತು.

ಹಾಗಾದರೆ ಕಳ್ಳದಾರಿ ಹೊರಗೆ. ಡ್ರಮ್ಮು ಮಧ್ಯಾಹ್ನ ಹಿತ್ತಲ ಕಿಟಕಿಯಿಂದ ಇಳಿದು ಕಾಂಪೌಂಡಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಆ ಗೋಡೆಯ ಆಚೆ ಬೇಕರಿಯ ಹಿಂಬಾಗಿಲು. ಈಚೆ ಗಾರ್ಡು ತಾತನ ಮೆಟ್ಟಿಲು.

ಮೊದಲು ಬೇಕರಿ.

"ಬೇಕರಿಯವರೇ, ನಿಜ ಹೇಳಿ. ನಮ್ಮ ಡ್ರಮ್ಮುಗೆ ಏನು ಹಾಕ್ತಿದೀರಿ?"

"ನಾನಾ? ನಿಮ್ಮ ಬೆಕ್ಕಿಗಾ? ಅದು ನನ್ನ ಕಡೆ ತಿರುಗಿ ನೋಡಿದ್ರೆ ಕೇಳಿ."

"ಬೆಕ್ಕು ಆಸೆಪಡೋ ಅಂಥದ್ದು ನಿಮ್ಮಲ್ಲಿ ಏನೇನಿದೆ?"

"ನಮ್ಮಲ್ಲಿ ಇರೋದು ಮನುಷ್ಯರು ತಿನ್ನೋದು, ತೂಕದೋರೇ."

"ಅದನ್ನ ಪರೀಕ್ಷೆ ಮಾಡದೆ ಹೇಗೆ ಹೇಳೋದು? ಒಂದೊಂದು ಮಾದರಿ ತೆಗೀರಿ. ದುಡ್ಡು ಕೊಡ್ತೀನಿ."

ಬೆಣ್ಣೆ ಬಿಸ್ಕತ್ತು ಬಂತು. ಕೇಕು ಬಂತು. ಕೆನೆ ತುಂಬಿದ ಬನ್ನು ಬಂತು. ತೂಕದವರು ಬೆಕ್ಕಿನ ದೃಷ್ಟಿಯಿಂದ ಯೋಚಿಸುತ್ತ ಒಂದೊಂದನ್ನೇ ಕಣ್ಣುಮುಚ್ಚಿ ಅಗಿದರು. ಪರೀಕ್ಷೆಗೆಂದು ತೆಗೆದ ಮಾದರಿಯನ್ನು ಅರ್ಧಕ್ಕೆ ಬಿಡುವುದು ಇಲಾಖೆಯಲ್ಲಿ ತಪ್ಪು.

"ಈ ಬಿಸ್ಕತ್ತಿನ ಮೇಲೆ ನನಗೆ ಅನುಮಾನ ಇದೆ" ಎಂದರು. "ಇನ್ನೊಂದು ಕೊಡಿ."

ಅನುಮಾನ ನಾಲ್ಕು ಬಿಸ್ಕತ್ತಿನವರೆಗೂ ಹೋಗಿ, ಅಲ್ಲೂ ಪರಿಹಾರವಾಗದೆ, ಮರುದಿನಕ್ಕೆ ಮುಂದುವರಿಯಿತು.

ಗಾರ್ಡು ತಾತನ ವಿಚಾರಣೆ ಮಹಡಿಯ ಮೇಲೆ ನಡೆಯಿತು. ತಾತ ಒಂಟಿ ಮನುಷ್ಯ. ಯಾರಾದರೂ ಬಂದು ಬೈದರೂ ಸರಿ, ಬಂದರಲ್ಲ ಎಂದು ಖುಷಿಪಡುವವರು. ಬಾಣಲೆಯಲ್ಲಿ ಮೀನು ಚುರುಗುಟ್ಟುತ್ತಿತ್ತು.

"ಮೀನು" ಎಂದರು ತೂಕದವರು, ಕಳ್ಳನನ್ನು ಹಿಡಿದವರ ಹಾಗೆ.

"ಮೀನೇ ಮಾರಾಯ. ಕೂತ್ಕೋ."

"ತಾತ, ಈ ಮೀನಲ್ಲಿ ಒಂದು ಚೂರಾದರೂ ನಮ್ಮ ಡ್ರಮ್ಮುಗೆ ಹೋಗಿದೆಯಾ?"

"ನಾನು ಮೂವತ್ತು ವರ್ಷ ಹಸಿರು ಬಾವುಟ ಹಿಡಿದೋನು. ಸುಳ್ಳು ಸಿಗ್ನಲ್ ತೋರಿಸಿದವನಲ್ಲ. ನನ್ನ ಪಾಲಿಂದು ನಾನೇ ತಿಂತೀನಿ. ನಂಬಿಕೆ ಇಲ್ಲ ಅಂದ್ರೆ ಇಲ್ಲೇ ಕೂತು ನೋಡು. ಬರೀ ನೋಡಬೇಡ, ತಟ್ಟೆ ತಗೋ."

ತೂಕದವರು ಕೂತು ನೋಡಿದರು. ಮರುದಿನವೂ ನೋಡಿದರು. ತಾತನ ಮೇಲೆ ನಿಗಾ ಇಡುವ ಕೆಲಸ ಮೀನಿನ ಸಂಜೆಗಳಲ್ಲಿ ತಪ್ಪದೆ ನಡೆಯಿತು.

ಡ್ರಮ್ಮು ಒಂಬತ್ತು ಕಿಲೋ ದಾಟಿತು.

ಆಗ ತೂಕದವರು ಒಂದು ಚಿಕ್ಕ ರಟ್ಟಿನ ಫಲಕ ಮಾಡಿ, ದುಂಡಗೆ ಬರೆದು, ಡ್ರಮ್ಮುವಿನ ಕೊರಳಿಗೆ ಕಟ್ಟಿದರು: "ನನಗೆ ಊಟ ಆಗಿದೆ. ಹಸಿದ ಹಾಗೆ ನೋಡುವುದು ನನ್ನ ಅಭ್ಯಾಸ. ದಯವಿಟ್ಟು ಏನೂ ಕೊಡಬೇಡಿ."

ಫಲಕ ಹೊತ್ತ ಡ್ರಮ್ಮು ಕಾಂಪೌಂಡಿನ ಮೇಲೆ ಗಂಭೀರವಾಗಿ ಕೂತಿತು. ಬೀದಿ ಅದನ್ನು ಓದಿತು. ಓದಿದವರೆಲ್ಲ ತಮ್ಮನ್ನೇ ಕಳ್ಳರೆಂದು ಕರೆದ ಹಾಗೆ ಮುಖ ಊದಿಸಿಕೊಂಡರು. ಪೋಸ್ಟಿನವನು ಕಾಗದ ಕೊಡುವಾಗ ಕೇಳಿದ: "ಯಾರ ಮೇಲೆ ಅನುಮಾನ ಸಾರ್? ನನ್ನ ಚೀಲ ನೋಡ್ತೀರಾ?" ಎದುರು ಮನೆಯ ಅಜ್ಜಿ ಬಾಗಿಲಿಗೇ ಬಂದಳು. "ನಮ್ಮನೇಗೆ ಬಾಪ್ಪ. ಅಡುಗೆಮನೆ ಡಬ್ಬ ಎಲ್ಲ ತೆಗೆದು ನೋಡು. ನನ್ನ ಮನೆತನಕ್ಕೆ ಬೆಕ್ಕಿನ ದೆಸೆಯಿಂದ ಮಾತು ಬರಬಾರದು."

ತೂಕದವರು ಹೋಗಿ ಡಬ್ಬಗಳನ್ನು ತೆಗೆದು ನೋಡಿದರು. ಒಬ್ಬರ ಮನೆಯದ್ದು ನೋಡಿ ಇನ್ನೊಬ್ಬರದ್ದು ನೋಡದಿದ್ದರೆ ಪಕ್ಷಪಾತ. ಆದ್ದರಿಂದ ಬೀದಿಯ ಪ್ರತಿ ಮನೆಯೂ ತನ್ನ ನಿರ್ದೋಷಿತ್ವವನ್ನು ಸಾಬೀತು ಮಾಡಲು ಅವರನ್ನು ಕರೆಯಿತು. ಕರೆದ ಮೇಲೆ ಬರಿಗೈಯಲ್ಲಿ ಕಳಿಸುವುದು ಹೇಗೆ? ಒಂದು ಕಡೆ ಚಹಾದ ಜೊತೆ ಕರಿದ ಆಲೂಗಡ್ಡೆ, ಇನ್ನೊಂದು ಕಡೆ ಜಾಮು ಹಚ್ಚಿದ ಬ್ರೆಡ್ಡು. ಮೂರನೆಯವರು ಕೇಕಿನ ದೊಡ್ಡ ತುಂಡನ್ನೇ ಕೊಟ್ಟು, "ನಾವು ಬೆಕ್ಕಿಗೆ ಹಾಕೋರಾಗಿದ್ರೆ ಇಷ್ಟು ಉಳೀತಿತ್ತಾ, ನೀವೇ ಹೇಳಿ" ಎಂದರು. ವಾದ ಬಲವಾಗಿತ್ತು. ತೂಕದವರು ಅದನ್ನು ಪೂರ್ತಿ ತಿಂದು ಒಪ್ಪಿಕೊಂಡರು.

ಮನೆಗೆ ಬಂದರೆ ಹೆಂಡತಿ ತಟ್ಟೆ ಇಡುತ್ತಿದ್ದಳು.

"ಬೇಡ. ಅವಳು ಉಪವಾಸ ಇರುವಾಗ ನನಗೆ ಗಂಟಲಲ್ಲಿ ಇಳಿಯಲ್ಲ."

"ರೀ, ನಿಮ್ಮ..." ಎಂದು ಹೆಂಡತಿ ಪಿಸುಗುಟ್ಟಲು ಶುರುಮಾಡಿದಳು.

"ಸುಮ್ಮನಿರು. ಯೋಚನೆ ಮಾಡ್ತಿದೀನಿ."

ಯೋಚನೆ ಮಾಡುವಾಗ ಪ್ಯಾಂಟು ಸೊಂಟಕ್ಕೆ ಕಚ್ಚುತ್ತಿತ್ತು. ಆ ಪ್ಯಾಂಟನ್ನು ಟೈಲರ್ ಹತ್ತಿರ ಒಯ್ದು ಜಬರಿಸಿದರು.

"ಏನಿದು ಬಟ್ಟೆ? ನಾಲ್ಕು ಒಗೆತಕ್ಕೆ ಕುಗ್ಗಿ ಹೋಗಿದೆ."

ಟೈಲರ್ ಕೊರಳಲ್ಲಿದ್ದ ಟೇಪನ್ನು ತೆಗೆದು ಪ್ಯಾಂಟನ್ನು ಅಳೆದ, ಉದ್ದ ನೋಡಿದ, ಅಗಲ ನೋಡಿದ, ಆಮೇಲೆ ಅವರನ್ನು ನೋಡಿದ. ಗಿರಾಕಿಯನ್ನು ಕಳೆದುಕೊಳ್ಳುವ ಮನಸ್ಸು ಅವನಿಗಿರಲಿಲ್ಲ. "ಹೌದು ಸಾರ್. ಕೆಲವು ಬಟ್ಟೆ ಹೀಗೇ. ಉದ್ದದಲ್ಲಿ ಕುಗ್ಗಲ್ಲ, ಸೊಂಟದ ಹತ್ತಿರ ಮಾತ್ರ ಕುಗ್ಗತ್ತೆ."

"ನಿನ್ನ ಟೇಪು ಕೊಡು."

ತೂಕದವರು ಟೇಪನ್ನು ತಮ್ಮ ಚೀಲದ ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಟೇಪು ಸರಿ ಇದೆ. ಅಂದ್ರೆ ಬಟ್ಟೆಯದ್ದೇ ತಪ್ಪು" ಎಂದು ತೀರ್ಮಾನ ಕೊಟ್ಟು, ಟೈಲರ್ ತರಿಸಿದ ಬಿಸ್ಕತ್ತು ತಿಂದು ಹೊರಟರು.

ಗಡುವಿಗೆ ಮೊದಲಿನ ದಿನ ಹೆಂಡತಿಯ ಅಕ್ಕ ಬಂದಳು. ಕೈಯಲ್ಲಿ ಹೊಸ ಬುಟ್ಟಿ, ಬುಟ್ಟಿಯಲ್ಲಿ ಹೊಸ ದಿಂಬು. ಡ್ರಮ್ಮು ಎದ್ದು ಬಂದು ಕುಂಟದೆ ನಡೆದು ಆಕೆಯ ಸೀರೆಯಂಚನ್ನು ಮೂಸಿತು.

"ಇಳಿದ ಹಾಗಿದೆಯಲ್ಲ ಇದು" ಎಂದಳು ಆಕೆ. "ಪಕ್ಕೆ ಕಾಣ್ತಿದೆ."

ಈ ಕ್ಷಣದಲ್ಲಿ ತೂಕದವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಹೂಂ ಅಂದಿದ್ದರಂತೂ ಇನ್ನೂ ಒಳ್ಳೆಯದಾಗುತ್ತಿತ್ತು. ಆದರೆ ತೂಕದ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

"ಇಲ್ಲ ಅತ್ತಿಗೆ. ಕಣ್ಣು ಅಳತೆಯ ಸಾಧನ ಅಲ್ಲ. ಇವತ್ತು ಬೆಳಗ್ಗೆ ತೂಗಿದೆ." ಅವರು ಬಗ್ಗಿ ಡ್ರಮ್ಮುವಿನ ತಲೆ ಸವರಿದರು. "ಹತ್ತು ಕಿಲೋ ಮುನ್ನೂರು ಗ್ರಾಂ."

"ಹತ್ತಾ? ಈ ಬೆಕ್ಕಾ?"

"ಈ ಬೆಕ್ಕೇ. ನಾನು ಸೋತೆ. ನಾಳೆ ಡಾಕ್ಟರ ಹತ್ತಿರ ತೋರಿಸಿ ಅಲ್ಲಿಂದಲೇ ಕರ್ಕೊಂಡು ಹೋಗಿ. ರಾತ್ರಿ ಕಾಲ ಮೇಲೆ ಮಲಗತ್ತೆ. ಕಾಲು ಅಲ್ಲಾಡಿಸಬೇಡಿ." ಇಷ್ಟು ಹೇಳಿ ಅವರು ಮೂಗು ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದರು.

ಹೆಂಡತಿ ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಕ್ಕ ಮೊದಲು ಹುಬ್ಬೇರಿಸಿದಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಡಾಕ್ಟರಮ್ಮನ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೀದಿಯ ಆರೋಪಿಗಳೆಲ್ಲ ತೀರ್ಪು ಕೇಳಲು ಬಂದಿದ್ದರು. ಬೇಕರಿಯವರು ಹಿಟ್ಟು ಮೆತ್ತಿದ ಅಂಗಿಯಲ್ಲೇ ಬಂದಿದ್ದರು. ಗಾರ್ಡು ತಾತ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಟೈಲರ್ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದಿದ್ದ. ತೂಕದವರು ನೇರ ಕಚೇರಿಯಿಂದ ಬಟ್ಟಿನ ಚೀಲ ಹೊತ್ತುಕೊಂಡು, ಸಾವಿನ ಮನೆಗೆ ಬಂದವರ ಮುಖದಲ್ಲಿ ನಿಂತಿದ್ದರು. ಧೈರ್ಯಕ್ಕಿರಲೆಂದು ಮದುವೆಯ ಕೋಟು ಹಾಕಿಕೊಂಡಿದ್ದರು. ಮೇಲಿನ ಗುಂಡಿ ಹೇಗೋ ಹಾಕಿತ್ತು.

ಡಾಕ್ಟರಮ್ಮನ ಯಂತ್ರದ ಹಲಗೆ ಅಗಲವಾಗಿತ್ತು. ದೊಡ್ಡ ನಾಯಿಗಳೂ ನಿಲ್ಲುವಂಥದ್ದು. ಡ್ರಮ್ಮುವನ್ನು ಬುಟ್ಟಿಯ ದಿಂಬಿನ ಸಮೇತ ಇಟ್ಟು, ಆಮೇಲೆ ದಿಂಬನ್ನು ಬೇರೆ ತೂಗಿ ಕಳೆದಳು.

"ಏಳು ಕಿಲೋ ಇನ್ನೂರು. ಭೇಷ್. ನಾನು ಹೇಳಿದ್ದಕ್ಕಿಂತ ಜಾಸ್ತಿನೇ ಇಳಿಸಿದೀರಿ. ಮಂಡಿಯೂ ಸರಿ ಹೋಗ್ತಿದೆ."

ಎಲ್ಲರೂ ತೂಕದವರನ್ನು ನೋಡಿದರು. ತೂಕದವರು ಯಂತ್ರವನ್ನು ನೋಡಿದರು.

"ಡಾಕ್ಟರೇ" ಎಂದರು ದುಃಖದಿಂದ. "ನಿಮ್ಮಂಥ ಓದಿದವರೂ ಇಂಥ ಯಂತ್ರ ಇಟ್ಕೊಂಡಿದೀರಲ್ಲ. ಇದು ಮೂರು ಕಿಲೋ ಕಡಿಮೆ ತೋರಿಸ್ತಿದೆ. ನನ್ನ ಬೆಕ್ಕು ಉಳಿಯತ್ತೆ ಅಂತ ನಾನು ಸುಮ್ಮನಿರೋ ಹಾಗಿಲ್ಲ. ಪರೀಕ್ಷೆ ಮಾಡಲೇಬೇಕು."

ಚೀಲ ಬಿಚ್ಚಿ ಬಟ್ಟುಗಳನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟರು. ಒಂದು ಕಿಲೋ ಇಟ್ಟರೆ ಒಂದು ಕಿಲೋ. ಐದು ಇಟ್ಟರೆ ಐದು. ಕೊನೆಗೆ ಎಲ್ಲವನ್ನೂ ಪೇರಿಸಿದರು. ಯಂತ್ರ ಒಂದು ಗ್ರಾಂ ಅತ್ತಿತ್ತ ಆಗಲಿಲ್ಲ.

"ಯಂತ್ರ ಸರಿ ಇದೆ" ಎಂದರು ಅವರು, ತಮಗೇ ಕೇಳುವಷ್ಟು ಮೆಲ್ಲಗೆ. "ಹಾಗಾದ್ರೆ ಮೂರು ಕಿಲೋ ಬೆಕ್ಕು ಎಲ್ಲಿಗೆ ಹೋಯ್ತು?"

ಬಟ್ಟುಗಳನ್ನು ತೆಗೆಯಲು ತೂಕದವರು ಬಗ್ಗಿದರು. ಮದುವೆಯ ಕೋಟಿನ ಮೇಲಿನ ಗುಂಡಿ ಟಪ್ಪೆಂದು ಕಿತ್ತು ಹಾರಿ, ಡಾಕ್ಟರಮ್ಮನ ಮೇಜಿಗೆ ಬಡಿದು, ನೆಲದ ಮೇಲೆ ಉರುಳುತ್ತ ಹೋಗಿ ಡ್ರಮ್ಮುವಿನ ಮುಂದೆ ನಿಂತಿತು. ಡ್ರಮ್ಮು ಅದನ್ನು ಪಂಜದಿಂದ ಒತ್ತಿ ಹಿಡಿದುಕೊಂಡು ತೂಕದವರನ್ನು ನೋಡಿತು.

"ರೀ" ಎಂದು ಹೆಂಡತಿ ಪಿಸುಗುಟ್ಟಿದಳು. ಆ ಪಿಸುಮಾತು ಕೋಣೆಯ ಮೂಲೆಮೂಲೆಗೂ ಕೇಳಿಸಿತು. "ಖಾಲಿ ಪಾತ್ರೆ ತೂಗಿದೀರಾ?"

ತೂಕದವರು ನಿಧಾನವಾಗಿ ಎದ್ದು, ಚಪ್ಪಲಿ ಬಿಟ್ಟು, ಕೋಟು ತೆಗೆದು ಹೆಂಡತಿಯ ಕೈಗೆ ಕೊಟ್ಟು, ದೊಡ್ಡ ನಾಯಿಗಳು ನಿಲ್ಲುವ ಹಲಗೆಯ ಮೇಲೆ ಹತ್ತಿ ನಿಂತರು.

"ಎಪ್ಪತ್ತೊಂದು ಕಿಲೋ ನೂರು ಗ್ರಾಂ" ಎಂದು ಡಾಕ್ಟರಮ್ಮ ಓದಿದಳು. ನಗು ತಡೆಯಲು ಆಕೆ ತುಟಿ ಕಚ್ಚಿಕೊಂಡಿದ್ದಳು.

ಎಪ್ಪತ್ತೊಂದು ಚಿಲ್ಲರೆಗೆ ಏಳು ಚಿಲ್ಲರೆ ಕೂಡಿಸಿ, ಅರವತ್ತೆಂಟು ಕಳೆದು, ತೂಕದವರ ತುಟಿಗಳು ಅಲ್ಲಾಡಿದವು. ಲೆಕ್ಕ ಗ್ರಾಮಿಗೆ ಗ್ರಾಂ ಸರಿಹೋಯಿತು. ಯಂತ್ರದಿಂದ ಇಳಿಯದೆ, ಅಲ್ಲೇ ನಿಂತು, ಇಲಾಖೆಯ ಧ್ವನಿಯಲ್ಲೇ ಅವರು ಪ್ರಕಟಿಸಿದರು:

"ಸೋರಿಕೆ ಸಿಕ್ಕಿದೆ. ಬೇಕರಿಯವರ ಮೇಲೆ ತಪ್ಪಿಲ್ಲ. ತಾತನ ಮೇಲೆ ತಪ್ಪಿಲ್ಲ. ಟೈಲರ್ ಬಟ್ಟೆಯ ಮೇಲೂ ತಪ್ಪಿಲ್ಲ. ಎಲ್ಲಾ ಇಲ್ಲಿ ಬಂದು ಸೇರಿದೆ" ಎಂದು ಹೊಟ್ಟೆಯನ್ನು ತಟ್ಟಿಕೊಂಡರು.

ಆಮೇಲೆ ಆ ಕೋಣೆಯಲ್ಲಿ ಎದ್ದ ನಗುವಿಗೆ ಪಕ್ಕದ ಕೋಣೆಯಲ್ಲಿ ಕಟ್ಟಿದ್ದ ನಾಯಿಗಳೆಲ್ಲ ಬೊಗಳತೊಡಗಿದವು. ಗಾರ್ಡು ತಾತ ಬಾವುಟ ಬಿಚ್ಚಿ ಎತ್ತಿದರು. ಬೇಕರಿಯವರು ಕಣ್ಣೊರೆಸಿಕೊಂಡರೆ ಹಿಟ್ಟು ಮುಖಕ್ಕೆಲ್ಲ ಮೆತ್ತಿತು. "ನಾನು ಅವತ್ತೇ ಹೇಳಬೇಕು ಅಂತಿದ್ದೆ ಸಾರ್" ಎಂದ ಟೈಲರ್, "ಬಟ್ಟೆ ಬೇಜಾರು ಮಾಡ್ಕೊಳ್ಳಲ್ಲ, ನೀವು ಮಾಡ್ಕೋತೀರಿ ಅಂತ ಬಿಟ್ಟೆ."

ತೂಕದವರು ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ನಿಮ್ಮ ಗುಂಡಿಗಳನ್ನ ಹೊಲೀತಾ ಬಂದೋಳು ನಾನೇ ಅಲ್ವಾ?"

"ಹೇಳಬಾರದಿತ್ತಾ?"

"ಹೇಳಿದೆ. ಯೋಚನೆ ಮಾಡ್ತಿದೀನಿ, ಸುಮ್ಮನಿರು ಅಂದ್ರಿ. ಡಾಕ್ಟರ ಯಂತ್ರ ಹೇಳಿದ್ರೆ ಕೇಳ್ತೀರಿ ಅಂತ ಸುಮ್ಮನಾದೆ."

ಅಷ್ಟರಲ್ಲಿ ಹೆಂಡತಿಯ ಅಕ್ಕ ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಮುಂದೆ ಬಂದಳು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಡಾಕ್ಟರೇ, ಆರು ವಾರದಲ್ಲಿ ಇಳೀದೆ ಇದ್ದೋರನ್ನ 'ಬೇರೆ ಬಟ್ಟಲಿಲ್ಲದ ಮನೇಲಿ ಬಿಡಬೇಕು' ಅಂತ ಅಲ್ವಾ ನೀವು ಹೇಳಿದ್ದು? ಹಾಗಿದ್ರೆ ಇವರನ್ನೇ ಕರ್ಕೊಂಡು ಹೋಗ್ತೀನಿ. ದಿಂಬೂ ಇದೆ."

"ಅತ್ತಿಗೆ" ಎಂದು ತೂಕದವರು ಹಲಗೆಯ ಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಡ್ರಮ್ಮುವನ್ನು ಎತ್ತಿ ಎದೆಗವಚಿಕೊಂಡರು. ಯಂತ್ರದ ಮುಳ್ಳು ಎಪ್ಪತ್ತೆಂಟು ದಾಟಿ ನಿಂತಿತು. ಅದನ್ನು ಈ ಸಲ ಯಾರೂ ಓದಲಿಲ್ಲ.

"ಇವರಿಗೂ ಆರು ವಾರ ಕೊಡೋಣ ಅಕ್ಕ" ಎಂದು ಹೆಂಡತಿ ಪಿಸುಗುಟ್ಟಿದಳು. "ಇಳೀಲಿಲ್ಲ ಅಂದ್ರೆ ನಾನೇ ಬುಟ್ಟಿ ಸಮೇತ ತಂದು ಬಿಟ್ಟು ಹೋಗ್ತೀನಿ."

ಮಾರನೆಯ ಸಂಜೆ ತೂಕದವರು ಕಚೇರಿಯಿಂದ ಬರುವಾಗ ಬೇಕರಿಯ ಮುಂದೆ ಕಾಲು ತಾನಾಗಿ ನಿಂತಿತು. ಬೇಕರಿಯವರು ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದವರು ಹಾಗೇ ನಿಂತು, ಅವರ ಎದೆಯನ್ನು ನೋಡಿದರು. ಇಲಾಖೆಯ ಗುರುತಿನ ಚೀಟಿಯ ಪಕ್ಕದಲ್ಲಿ, ಅದೇ ದಾರಕ್ಕೆ, ಒಂದು ಚಿಕ್ಕ ರಟ್ಟಿನ ಫಲಕ ನೇತಾಡುತ್ತಿತ್ತು. ಬೆಳಗ್ಗೆ ಹೆಂಡತಿ ಕಟ್ಟಿ ಕಳಿಸಿದ್ದಳು. ಅಕ್ಷರವೊಂದೂ ಬದಲಾಗಿರಲಿಲ್ಲ. ಬದಲಾಯಿಸುವ ಅಗತ್ಯವೇ ಬಿದ್ದಿರಲಿಲ್ಲ.

"ನನಗೆ ಊಟ ಆಗಿದೆ" ಎಂದು ಬೇಕರಿಯವರು ಬೆರಳಿಟ್ಟು ಓದಿದರು. "ಹಸಿದ ಹಾಗೆ ನೋಡುವುದು ನನ್ನ ಅಭ್ಯಾಸ." ಡಬ್ಬದ ಮುಚ್ಚಳವನ್ನು ಮೆಲ್ಲಗೆ ಹಾಕಿದರು. "ನಡೀರಿ ತೂಕದೋರೇ. ಮನೆಗೆ ನಡೀರಿ."

ಮನೆಯಲ್ಲಿ ಈಗ ನಾಲ್ಕು ಬಟ್ಟಲು. ಮುದುಕ ಅಡುಗೆಮನೆಗೆ ಬಂತು. ಕಡ್ಡಿ ಫ್ರಿಜ್ಜಿನ ಮೇಲೇ ಇದೆ. ಮಲಗುವ ಕೋಣೆ ತೂಕದವರಿಗೆ: ಬೇಯಿಸಿದ ತರಕಾರಿ, ಮುಚ್ಚಿದ ಬಾಗಿಲು. ಡ್ರಮ್ಮು ತನ್ನ ರಟ್ಟಿನ ಚೂರುಗಳನ್ನು ಎಲ್ಲರಿಗಿಂತ ಬೇಗ ಮುಗಿಸುವುದರಿಂದ ಅದಕ್ಕೆ ಮಾತ್ರ ಬೇಗ ಬಿಡುಗಡೆ. ಯಾರಾದರೂ ಆ ಹೊತ್ತಿಗೆ ಬಂದು ಯಜಮಾನರೆಲ್ಲಿ ಎಂದು ಕೇಳಿದರೆ, "ಊಟಕ್ಕೆ ಕೂಡಿ ಹಾಕಿದೀನಿ" ಎಂದು ಹೆಂಡತಿ ಪಿಸುಗುಟ್ಟುತ್ತಾಳೆ.

ತೂಕದವರು ಕೊನೆಯ ತರಕಾರಿ ಹೋಳನ್ನು ನುಂಗಿ, ನೆಲಕ್ಕೆ ಕೂತರು. ಬಾಗಿಲ ಸಂದಿಯಿಂದ ಒಂದು ಪಂಜ ಒಳಗೆ ಬಂದು ಅತ್ತಿತ್ತ ಆಡಿತು. ಅವರು ಬೆರಳು ಚಾಚಿ ಅದನ್ನು ಹಿಡಿದುಕೊಂಡರು.

"ರೀ" ಎಂದು ಆಚೆಯಿಂದ ಪಿಸುಮಾತು ಬಂತು. "ಸಂದಿಯಲ್ಲಿ ಏನು ಕೊಡ್ತಿದೀರಿ ಅವಳಿಗೆ?"

"ಏನಿಲ್ಲ. ಬರೀ ಕೈ."

"ಖಾಲಿ ತಾನೇ?"

"ಖಾಲಿ" ಎಂದರು ತೂಕದವರು. ಕ್ಷಣ ಯೋಚಿಸಿ, "ಬೇಕಾದ್ರೆ ತೂಗಿ ನೋಡು. ನನ್ನ ಮಾತು ನಂಬಬೇಡ" ಎಂದರು.